ಭೂಸಸ್ತನಿ ಯುಗಗಳು: ಖಂಡಕ್ಕೊಂದು ಪಂಚಾಂಗ

ಡೈನೋಸಾರುಗಳು ಅಳಿದ ಬಳಿಕದ ಸುಮಾರು 6.6 ಕೋಟಿ ವರ್ಷಗಳನ್ನು ಸೀನೋಜೋಯಿಕ್ ಮಹಾಯುಗವೆನ್ನುತ್ತಾರೆ. ಇದರ ವಿಭಾಗಗಳಾದ ಇಯೋಸೀನ್, ಮಯೋಸೀನ್, ಪ್ಲಯೋಸೀನ್ ಎಂಬ ಹೆಸರುಗಳನ್ನು ನಮ್ಮ ಮಕ್ಕಳು ಪುಸ್ತಕಗಳಲ್ಲಿ ಕಂಡಿರಬಹುದು. ಚಾರ್ಲ್ಸ್ ಲಯೆಲ್ 1833ರಲ್ಲಿ ಈ ಹೆಸರುಗಳನ್ನು ಪ್ರಚುರಪಡಿಸಿದಾಗ ಯುರೋಪಿನ ಸಮುದ್ರ ಪದರುಗಳಲ್ಲಿ ದೊರೆತ ಚಿಪ್ಪುಗಳೇ ಅವನಿಗೆ ಆಧಾರವಾಗಿದ್ದವು. ಆದರೆ ನದಿಯ ಮರಳು, ಕೆರೆಯ ಕೆಸರು ಗಟ್ಟಿಯಾಗಿ ರೂಪುಗೊಂಡ ಶಿಲೆಗಳಲ್ಲಿ ಸಮುದ್ರದ ಚಿಪ್ಪುಗಳಿಲ್ಲ. ಅವುಗಳ ವಯಸ್ಸನ್ನು ಅರಿಯುವುದು ಹೇಗೆ?

ಅಲ್ಲಿ ಉಳಿದಿರುವುದು ಎಲುಬುಗಳು, ಮುಖ್ಯವಾಗಿ ಹಲ್ಲುಗಳು. ಹಲ್ಲಿನ ಹೊರಕವಚವು ದೇಹದ ಅತ್ಯಂತ ಗಟ್ಟಿಯಾದ ಭಾಗವಾದುದರಿಂದ ಕೋಟ್ಯಂತರ ವರ್ಷ ಉಳಿಯಬಲ್ಲದು. ಸಸ್ತನಿಗಳ ದವಡೆಹಲ್ಲಿನ ಏರುತಗ್ಗುಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿದ್ದು ಬಹುಬೇಗ ಬದಲಾಗುತ್ತವೆ. ಒಂದೇ ಹಲ್ಲು ಪ್ರಾಣಿಯನ್ನೂ, ಅದರ ಮೂಲಕ ಪದರಿನ ಕಾಲವನ್ನೂ ತಿಳಿಸಬಲ್ಲದು.

ಈ ಆಧಾರದ ಮೇಲೆ 1941ರಲ್ಲಿ ಹೊರೇಸ್ ವುಡ್ ಮತ್ತು ಸಂಗಡಿಗರ ಸಮಿತಿಯು ಉತ್ತರ ಅಮೆರಿಕದ ಸಸ್ತನಿ ಯುಗಗಳ ಕ್ರಮವನ್ನು ಪ್ರಕಟಿಸಿತು. ಹೆಸರುಗಳು ಪಳೆಯುಳಿಕೆ ದೊರೆತ ನೆಲದವು: ಕ್ಯಾಲಿಫೋರ್ನಿಯದ ಬಾರ್‌ಸ್ಟೋ ಪಟ್ಟಣದಿಂದ ಬಾರ್‌ಸ್ಟೋವಿಯನ್, ಟೆಕ್ಸಾಸಿನ ಮೌಂಟ್ ಬ್ಲಾಂಕೋದಿಂದ ಬ್ಲಾಂಕನ್. ಲಾಸ್ ಏಂಜಲೀಸ್ ನಗರದ ಡಾಂಬರು ಹೊಂಡಗಳಿಂದ ಹೆಸರು ಪಡೆದ ರಾಂಚೋಲಾಬ್ರಿಯನ್ ಯುಗವನ್ನು ಬಳಿಕ ಸೇರಿಸಲಾಯಿತು. ಏಷ್ಯದಿಂದ ಬಂದ ಕಾಡೆಮ್ಮೆಯಂತಹ ಬೈಸನ್ ಪ್ರಾಣಿಯ ಆಗಮನವೇ ಅದರ ಗುರುತು. ಯುರೋಪಿನವರು ಹೆಸರುಗಳ ಜೊತೆಗೆ ಸಂಖ್ಯೆಗಳನ್ನೂ ಬಳಸಿದರು. ದಕ್ಷಿಣ ಅಮೆರಿಕಕ್ಕೂ ಏಷ್ಯಕ್ಕೂ ಬೇರೆ ಬೇರೆ ಪಟ್ಟಿಗಳಾದವು.

ಒಂದೇ ಪಟ್ಟಿ ಏಕೆ ಸಾಲದು? ಸಮುದ್ರವನ್ನು ದಾಟಲಾರದ ಪ್ರಾಣಿಗಳು ಆಯಾ ಖಂಡದಲ್ಲಿಯೇ ಬೆಳೆದು ಬದಲಾದವು. ನಮ್ಮಲ್ಲಿಯೇ ನೋಡಿ: ಕಾಸರಗೋಡಿನ ಮನೆಗಳಲ್ಲಿ ಸೌರಮಾನದ ವಿಷು, ಸೊಲ್ಲಾಪುರದ ಮನೆಗಳಲ್ಲಿ ಚಾಂದ್ರಮಾನದ ಯುಗಾದಿ. ಎರಡು ಪಂಚಾಂಗಗಳನ್ನು ಹೊಂದಿಸಬೇಕಾದರೆ ಗ್ರಹಣದಂತೆ ಎರಡರಲ್ಲಿಯೂ ದಾಖಲಾದ ಘಟನೆಯೊಂದು ಬೇಕು. ಖಂಡಗಳ ಪಂಚಾಂಗಕ್ಕೆ ಅಂತಹ ಗ್ರಹಣವೆಂದರೆ ಪ್ರಾಣಿಗಳ ವಲಸೆ.

ಹಿಪ್ಪಾರಿಯನ್ ಎಂಬ ಮೂರು ಬೆರಳಿನ ಕುದುರೆಗಳ ಕಥೆ ಇದಕ್ಕೆ ಸೊಗಸಾದ ನಿದರ್ಶನ. ಉತ್ತರ ಅಮೆರಿಕದಲ್ಲಿ ವಿಕಾಸಗೊಂಡ ಈ ಗುಂಪು ಸುಮಾರು 1.1 ಕೋಟಿ ವರ್ಷಗಳ ಹಿಂದೆ ಈಗಿನ ಬೇರಿಂಗ್ ಜಲಸಂಧಿಯ ಸ್ಥಳದಲ್ಲಿದ್ದ ನೆಲದ ಸೇತುವೆಯನ್ನು ದಾಟಿ ಏಷ್ಯ, ಯುರೋಪುಗಳಲ್ಲಿ ಹರಡಿತು. ಸ್ಪೇನಿನ ಬಾರ್ಸಿಲೋನ ಬಳಿಯ ಪ್ರದೇಶದಿಂದ ಹೆಸರು ಪಡೆದ ವಾಲೀಸಿಯನ್ ಯುಗವು ಇದರ ಆಗಮನದಿಂದಲೇ ಆರಂಭವಾಗುತ್ತದೆ. ಆದರೆ ಗ್ರಹಣ ಏಕಕಾಲಕ್ಕೆ ಕಾಣುವಂತೆ ವಲಸೆ ಎಲ್ಲೆಡೆ ಏಕಕಾಲಕ್ಕೆ ನಡೆಯದು. ಸಿವಾಲಿಕ್ ಬೆಟ್ಟಗಳ ಪದರುಗಳಲ್ಲಿ ಈ ಕುದುರೆ ಯುರೋಪಿಗಿಂತ ಕೆಲವು ಲಕ್ಷ ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ. ಕುದುರೆ ಬಂದುದೇ ಕಾಲದ ಗೆರೆಯೆಂದು ಎಲ್ಲೆಡೆಯೂ ನಂಬಿದ್ದರೆ ಅಷ್ಟು ವರ್ಷಗಳ ತಪ್ಪು ಲೆಕ್ಕಕ್ಕೆ ಸೇರುತ್ತಿತ್ತು.

ಆದುದರಿಂದ ಹಲ್ಲುಗಳಿಗೆ ಹೊರಗಿನ ಸಾಕ್ಷಿ ಬೇಕಾಯಿತು. 1964ರಲ್ಲಿ ಎವರ್ನ್‌ಡೆನ್, ಸ್ಯಾವೇಜ್, ಕರ್ಟಿಸ್ ಮತ್ತು ಜೇಮ್ಸ್ ಪಳೆಯುಳಿಕೆಗಳ ಪದರುಗಳ ನಡುವಿನ ಜ್ವಾಲಾಮುಖಿ ಬೂದಿಯನ್ನು ಪೊಟ್ಯಾಸಿಯಮ್–ಆರ್ಗಾನ್ ವಿಧಾನದಿಂದ ಅಳೆದು ಅಮೆರಿಕದ ಯುಗಗಳಿಗೆ ವರ್ಷಗಳ ಲೆಕ್ಕ ಕೊಟ್ಟರು. ವುಡ್ ಸಮಿತಿಯ ಕ್ರಮವು ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ನಿಂತಿತು. ಕೇವಲ ಹಲ್ಲುಗಳನ್ನು ಹೋಲಿಸಿ ಕಟ್ಟಿದ ಕ್ರಮಕ್ಕೆ ಇದು ಸಣ್ಣ ಗೆಲುವಲ್ಲವೆಂದು ನಾವು ಭಾವಿಸುತ್ತೇವೆ.

ದಕ್ಷಿಣ ಅಮೆರಿಕವು ಬಹುಕಾಲ ದ್ವೀಪವಾಗಿತ್ತು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮ ಭೂಸಂಧಿ ಮೇಲೆದ್ದಾಗ ಕುದುರೆ, ಒಂಟೆಯ ಬಂಧುಗಳು, ಬೆಕ್ಕಿನ ಜಾತಿಗಳು ತೆಂಕಕ್ಕೆ ಇಳಿದವು. ಆರ್ಮಡಿಲೋಗಳು, ದೈತ್ಯ ಸ್ಲಾತ್‌ಗಳು ಬಡಗಕ್ಕೆ ಏರಿದವು. ಅಲ್ಲಿಂದೀಚೆಗೆ ಎರಡು ಅಮೆರಿಕಗಳ ಪಟ್ಟಿಗಳನ್ನು ಜೋಡಿಸುವುದು ಸುಲಭ.

ಭಾರತದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಗೈ ಪಿಲ್ಗ್ರಿಮ್ 1913ರಲ್ಲಿಯೇ ಸಿವಾಲಿಕ್ ಪದರುಗಳನ್ನು ಚಿಂಜಿ, ನಾಗ್ರಿ, ಢೋಕ್ ಪಠಾಣ್, ಪಿಂಜೋರ್ ಮುಂತಾಗಿ ವಿಂಗಡಿಸಿ ಯುರೋಪಿನೊಡನೆ ಹೋಲಿಸಿದ್ದರು. ಮೊದಲ ಮೂರು ಸ್ಥಳಗಳು ಇಂದು ಪಾಕಿಸ್ತಾನದಲ್ಲಿವೆ, ಪಿಂಜೋರ್ ಹರಿಯಾಣದಲ್ಲಿದೆ.

ಪಶ್ಚಿಮ ತೆಲಂಗಾಣದ ನಮ್ಮ ಓದುಗರಿಗೆ ಇನ್ನೂ ಹತ್ತಿರದ ಊರೊಂದುಂಟು: ವಿಕಾರಾಬಾದ್ ಸೀಮೆಯ ನಸ್ಕಲ್. ಅಲ್ಲಿ ದಖ್ಖನ್ ಲಾವಾ ಪದರುಗಳ ನಡುವಿನ ಕೆಸರುಗಲ್ಲಿನಿಂದ ದೊರೆತ ಪುಟ್ಟ ಹಲ್ಲುಗಳನ್ನು 1988ರಲ್ಲಿ ಪ್ರಸಾದ್ ಮತ್ತು ಸಾಹ್ನಿ ವರದಿ ಮಾಡಿದರು. ಪ್ರಾಣಿಯ ಹೆಸರು ಡೆಕ್ಕನೋಲೆಸ್ಟಿಸ್. ಕಾಲ ಡೈನೋಸಾರುಗಳ ಕೊನೆಯ ದಿನಗಳು. ಆಗ ಭಾರತವು ಏಷ್ಯವನ್ನು ಇನ್ನೂ ಸೇರಿರಲಿಲ್ಲ. ಇದರ ಬಂಧುಗಳು ಯುರೋಪಿನವೋ ಆಫ್ರಿಕದವೋ ಎಂಬ ಚರ್ಚೆ ಆ ಹಲ್ಲುಗಳ ಸುತ್ತಲೇ ನಡೆದಿದೆ.