ನಗರದ ಮಧ್ಯಾಹ್ನದ ಊಟ: ಬುತ್ತಿಗೊಂದು ಅಡುಗೆ, ಎಲೆಗೊಂದು ಅಡುಗೆ

ಬೆಳಿಗ್ಗೆ ಏಳೂವರೆಗೆ ಡಬ್ಬಿಗೆ ತುಂಬಿದ ಅನ್ನ, ಸಾರು, ಪಲ್ಯಗಳನ್ನು ಉದ್ಯೋಗಸ್ಥರು ಕಚೇರಿಯಲ್ಲಿ ತೆರೆಯುವುದು ಮಧ್ಯಾಹ್ನ ಒಂದೂವರೆಗೆ. ಅಷ್ಟರಲ್ಲಿ ಆರು ಗಂಟೆಗಳು ಕಳೆದಿರುತ್ತವೆ. ಅನ್ನ ಗಟ್ಟಿಯಾಗಿರುತ್ತದೆ, ಸಾರು ಆರಿ ತಣ್ಣಗಾಗಿರುತ್ತದೆ, ಚಪಾತಿಯ ಅಂಚು ಆವಿಯ ನೀರಿನಲ್ಲಿ ತೊಯ್ದಿರುತ್ತದೆ. ಇದನ್ನು ಉಂಡೆದ್ದವರು ಹೊಟ್ಟೆ ತುಂಬಿತೆಂದು ಹೇಳಬಹುದು, ಊಟವಾಯಿತೆಂದು ಹೇಳುವುದು ಕಷ್ಟ. ಸಂಜೆ ನಾಲ್ಕಕ್ಕೆ ಕಚೇರಿಯೆದುರಿನ ಬೋಂಡಾ ಬಂಡಿಯ ಮುಂದೆ ನೆರೆಯುವವರಲ್ಲಿ ಇಂಥವರೇ ಹೆಚ್ಚು.

ಇದರಿಂದ ಮನೆಯ ಅಡುಗೆ ಕೆಟ್ಟದ್ದೆಂದು ಅರ್ಥವಾಗುವುದಿಲ್ಲ. ಬಿಸಿಬಿಸಿಯಾಗಿ ಬಡಿಸಿಕೊಂಡು ಉಣ್ಣಲೆಂದು ರೂಪುಗೊಂಡ ಅಡುಗೆಯನ್ನು ನಾವು ಪ್ರಯಾಣಕ್ಕೆ ಹಚ್ಚಿದ್ದೇವೆ, ಅಷ್ಟೆ. ಕನ್ನಡ ನಾಡಿನ ಪಾಕ ಸಂಪ್ರದಾಯವಾದರೋ ಬುತ್ತಿಯ ಅಡುಗೆಯನ್ನೂ ಎಲೆಯ ಅಡುಗೆಯನ್ನೂ ಬಹು ಹಿಂದೆಯೇ ಬೇರೆಬೇರೆಯಾಗಿ ಕಂಡಿತ್ತು. ಈ ಭೇದವನ್ನು ಅರಿತರೆ ಮಧ್ಯಾಹ್ನದ ಊಟದ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಬುತ್ತಿಯ ಲೆಕ್ಕಾಚಾರ

ಬುತ್ತಿ ಎಂದರೆ ದಾರಿಗೆಂದು ಕಟ್ಟಿಕೊಂಡು ಹೋಗುವ ಆಹಾರ. ಉತ್ತರ ಕರ್ನಾಟಕದಲ್ಲಿ ಮೊಸರನ್ನವನ್ನೇ ‘ಮೊಸರು ಬುತ್ತಿ’ ಎನ್ನುವುದುಂಟು. ಎಳ್ಳು ಅಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಒಯ್ಯುವ ಗಂಟನ್ನು ಬಿಚ್ಚಿ ನೋಡಿದರೆ ಇದರ ಹಿಂದಿನ ಲೆಕ್ಕಾಚಾರ ತಿಳಿಯುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿ ಪುಡಿ, ಪುಂಡಿ ಪಲ್ಯ, ಮೊಸರು ಬುತ್ತಿ. ಖಡಕ್ ರೊಟ್ಟಿ ಮತ್ತು ಪುಡಿಗಳಲ್ಲಿ ನೀರಿನಂಶ ಕಡಿಮೆ. ಪುಂಡಿ ಸೊಪ್ಪಿಗೆ ಸಹಜವಾದ ಹುಳಿಯಿದೆ, ಬುತ್ತಿಗೆ ಮೊಸರಿನ ಹುಳಿಯಿದೆ. ನೀರು ಕಡಿಮೆಯಿದ್ದಲ್ಲಿ ಅಥವಾ ಹುಳಿ ಹೆಚ್ಚಿದ್ದಲ್ಲಿ ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯಲಾರವು. ಪ್ರಯೋಗಾಲಯದ ನೆರವಿಲ್ಲದೆ ಕಂಡುಕೊಂಡ ಜ್ಞಾನವಿದು.

ಹಳೆ ಮೈಸೂರು ಸೀಮೆಯ ಪುಳಿಯೋಗರೆಯೂ ಇದೇ ಜಾತಿಗೆ ಸೇರಿದ್ದು. ಹುಣಸೆ, ಬೆಲ್ಲ, ಎಳ್ಳು, ಎಣ್ಣೆಗಳನ್ನು ಕುದಿಸಿ ಗಟ್ಟಿ ಮಾಡಿದ ಗೊಜ್ಜನ್ನು ಹರವಿ ಆರಿಸಿದ ಅನ್ನಕ್ಕೆ ಕಲಸುತ್ತಾರೆ. ಕಲಸಿದ ತಕ್ಷಣ ಅದಕ್ಕೆ ಪೂರ್ಣ ರುಚಿಯಿಲ್ಲ. ಎರಡು ಮೂರು ಗಂಟೆ ಕಳೆದು ಅನ್ನದ ಅಗುಳಿಗೆ ಹುಳಿ ಖಾರ ಇಳಿದ ಮೇಲೆಯೇ ಅದು ಪುಳಿಯೋಗರೆ. ಕಾಯುವುದರಿಂದ ರುಚಿ ಹೆಚ್ಚುವ ಇಂಥ ತಿನಿಸನ್ನು ಬಿಟ್ಟು, ಕಾಯುವುದರಿಂದ ರುಚಿಗೆಡುವ ತಿಳಿಸಾರನ್ನು ಡಬ್ಬಿಗೆ ಹಾಕುವುದು ಈ ಲೇಖಕನಿಗೆ ಅರ್ಥವಾಗದ ಸಂಗತಿ.

ಮೊಸರನ್ನದಲ್ಲಿ ಒಂದು ಸೂಕ್ಷ್ಮವಿದೆ. ಬೆಳಿಗ್ಗೆಯೇ ಮೊಸರು ಸುರಿದು ಕಲಸಿದರೆ ಮಧ್ಯಾಹ್ನಕ್ಕೆ ಅದು ಹುಳಿತು ಹೋಗುತ್ತದೆ. ಅನ್ನವನ್ನು ಬಿಸಿಯಿದ್ದಾಗಲೇ ಮೆತ್ತಗೆ ಕಿವುಚಿ, ಕಾಯಿಸಿದ ಹಾಲು ಬೆರೆಸಿ, ಉಗುರು ಬೆಚ್ಚಗಾದ ಮೇಲೆ ಒಂದೆರಡು ಚಮಚ ಮೊಸರನ್ನು ಹೆಪ್ಪಿನಂತೆ ಹಾಕಬೇಕು. ಕಚೇರಿ ತಲುಪಿ ಅರ್ಧ ದಿನ ಕಳೆಯುವ ವೇಳೆಗೆ ಡಬ್ಬಿಯೊಳಗೇ ಹದವಾದ ಮೊಸರನ್ನ ಸಿದ್ಧವಾಗಿರುತ್ತದೆ. ಒಗ್ಗರಣೆ, ಹಸಿಶುಂಠಿ, ದಾಳಿಂಬೆ ಕಾಳುಗಳು ಅವರವರ ಇಷ್ಟ.

ಬರಿಯ ಅನ್ನದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಬಹಳ ಹೊತ್ತು ಉಳಿದರೆ ಅವು ಮೊಳೆತು ಬೆಳೆದು ವಿಷವನ್ನು ಉತ್ಪಾದಿಸಬಲ್ಲವು. ವಾಂತಿಗೆ ಕಾರಣವಾಗುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ಆದುದರಿಂದ ಕೆಡಲಾರಂಭಿಸಿದ ಅನ್ನವನ್ನು ಕಚೇರಿಯ ಮೈಕ್ರೋವೇವ್ ಒಲೆ ಉಳಿಸಲಾರದು. ಬೇಯಿಸಿದ ಆಹಾರವನ್ನು ಸಾಮಾನ್ಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು, ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ಅಳತೆಗೋಲಿನಲ್ಲಿ ನಮ್ಮ ಆರು ಗಂಟೆಯ ಡಬ್ಬಿ ಸೋಲುತ್ತದೆ. ಹುಳಿ ಕಲಸಿದ ಅನ್ನದಲ್ಲಿ ಅಪಾಯ ಕಡಿಮೆಯಾಗುತ್ತದೆ, ಪೂರ್ಣವಾಗಿ ಇಲ್ಲವಾಗುವುದಿಲ್ಲ. ಕಚೇರಿಯಲ್ಲಿ ಫ್ರಿಜ್ ಇದ್ದರೆ ಹೋದೊಡನೆ ಡಬ್ಬಿಯನ್ನು ಅದರಲ್ಲಿಡುವುದು, ಉಣ್ಣುವ ಮುನ್ನ ಹಬೆಯಾಡುವಂತೆ ಬಿಸಿ ಮಾಡುವುದು ಉತ್ತಮ. ಬಿಸಿ ಕಾಯುವ ಡಬ್ಬಿಯಾದರೆ ಮೊದಲು ಅದಕ್ಕೆ ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು, ಚೆಲ್ಲಿ, ಬಳಿಕ ಒಲೆಯಿಂದ ಇಳಿಸಿದ ಅಡುಗೆಯನ್ನು ತುಂಬಬೇಕು. ತಣ್ಣನೆಯ ಡಬ್ಬಿಗೆ ಬೆಚ್ಚಗಿನ ಅನ್ನ ಹಾಕಿದರೆ ಬ್ಯಾಕ್ಟೀರಿಯಾಗಳಿಗೆ ಒಪ್ಪುವ ಶಾಖವನ್ನೇ ಅದು ಕಾಯ್ದುಕೊಂಡು ಕೂರುತ್ತದೆ.

ಸಣ್ಣಪುಟ್ಟ ಉಪಾಯಗಳೂ ಇವೆ. ಚಪಾತಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿದರೆ ಆವಿ ಬಟ್ಟೆಗೆ ಹೋಗುತ್ತದೆ. ಹಸಿ ತೆಂಗಿನಕಾಯಿ ರುಬ್ಬಿದ ಚಟ್ನಿ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ಉಳಿಯುವುದು ಅನುಮಾನ. ಅದರ ಬದಲು ಶೇಂಗಾ ಅಥವಾ ಹುಚ್ಚೆಳ್ಳಿನ ಪುಡಿ ಇರಲಿ. ಕೋಸಂಬರಿಗೆ ಮನೆಯಲ್ಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಉಪ್ಪು, ನಿಂಬೆಹೋಳುಗಳನ್ನು ಬೇರೆಯಾಗಿ ಒಯ್ದು ಉಣ್ಣುವಾಗ ಬೆರೆಸಿದರಾಯಿತು.

ಬುತ್ತಿಯ ಅಡುಗೆಗೆ ಒಂದು ನ್ಯೂನತೆಯಿದೆ ಎಂಬುದನ್ನೂ ಒಪ್ಪಬೇಕು. ಚಿತ್ರಾನ್ನ, ಪುಳಿಯೋಗರೆ, ವಾಂಗಿಬಾತ್ ಇವೆಲ್ಲ ಬಹುಪಾಲು ಅಕ್ಕಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದಿನದ ಒಟ್ಟು ಶಕ್ತಿಯಲ್ಲಿ ಏಕದಳ ಮತ್ತು ಸಿರಿಧಾನ್ಯಗಳ ಪಾಲು ಶೇ 45ನ್ನು ಮೀರದಿರಲಿ ಎನ್ನುತ್ತದೆ. ಬೇಳೆಕಾಳು, ಮಾಂಸಗಳಿಂದ ಶೇ 15ರವರೆಗೆ, ಉಳಿದದ್ದು ತರಕಾರಿ, ಹಣ್ಣು, ಹಾಲು, ಬೀಜಗಳಿಂದ ಬರಬೇಕೆಂಬುದು ಅದರ ಆಶಯ. ಚಿತ್ರಾನ್ನದ ಡಬ್ಬಿಯ ಕಾಲು ಭಾಗ ತಗ್ಗಿಸಿ ಅಲ್ಲಿ ಮೊಳಕೆ ಕಟ್ಟಿದ ಹೆಸರುಕಾಳನ್ನೋ, ಸಿಪ್ಪೆ ಸುಲಿಯದ ಬೇಯಿಸಿದ ಮೊಟ್ಟೆಯನ್ನೋ ಇಟ್ಟರೆ ನಾಲ್ಕು ಗಂಟೆಯ ಬೋಂಡಾದ ಸೆಳೆತ ಕಡಿಮೆಯಾದೀತು.

ಮುಂಬಯಿಯವರು ಸಮಸ್ಯೆಯನ್ನು ಬೇರೊಂದು ತುದಿಯಿಂದ ಹಿಡಿದರು. 1890ರಲ್ಲಿ ಮಹಾದೇವ್ ಹಾವಾಜಿ ಬಚ್ಚೆ ಅವರಿಂದ ಆರಂಭವಾಯಿತೆನ್ನಲಾದ ಡಬ್ಬಾವಾಲಾ ವ್ಯವಸ್ಥೆಯಲ್ಲಿ ಡಬ್ಬಿಯು ಉದ್ಯೋಗಿಯ ಜೊತೆ ಹೊರಡುವುದಿಲ್ಲ. ಅವನು ಹೋದ ಮೇಲೆ ಮನೆಯಲ್ಲಿ ಅಡುಗೆಯಾಗುತ್ತದೆ, ಡಬ್ಬಿ ಹಿಂದಿನಿಂದ ಬರುತ್ತದೆ. ಆರು ಗಂಟೆಯ ಅಂತರ ಅರ್ಧಕ್ಕೆ ಇಳಿಯುತ್ತದೆ. 2020ರ ಲಾಕ್‌ಡೌನ್ ಈ ವೃತ್ತಿಗೆ ದೊಡ್ಡ ಪೆಟ್ಟು ಕೊಟ್ಟಿತು.

ಎಲೆಯ ಮೇಲಿನ ಊಟ

ಡಬ್ಬಿಯಲ್ಲಿ ಬಾಳಲಾರದ ಅಡುಗೆಗಳನ್ನು ಹುಡುಕಿಕೊಂಡು ಹೋಟೆಲಿಗೆ ಹೋಗುವುದು ಜಾಣತನ. ರಾಗಿ ಮುದ್ದೆಯನ್ನೇ ತೆಗೆದುಕೊಳ್ಳಿ. ಆರಿದ ಮುದ್ದೆ ಗಟ್ಟಿಯಾಗುತ್ತದೆ, ನುಂಗಲು ಬಾರದು. ಬಿಸಿ ಮುದ್ದೆ, ಬಸ್ಸಾರು ಸಿಗುವ ಮಧ್ಯಾಹ್ನದ ಹೋಟೆಲು ಮತ್ತು ಮಾಂಸಾಹಾರಿಗಳಿಗೆ ಹಳೆ ಮೈಸೂರಿನ ಮಿಲಿಟರಿ ಹೋಟೆಲು ಇದಕ್ಕೆ ತಕ್ಕ ಸ್ಥಳಗಳು. ಕರಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಕಾವಲಿಯಿಂದ ಆಗಷ್ಟೇ ಎದ್ದ ಬಂಗುಡೆಗೆ ಪರ್ಯಾಯವಿಲ್ಲ.

ಖಾನಾವಳಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಹೆಸರು ಮರಾಠಿಯಿಂದ ಬಂದದ್ದು, ಊಟ ಅಪ್ಪಟ ನಮ್ಮದು. ಹುಬ್ಬಳ್ಳಿ, ಧಾರವಾಡ, ವಿಜಯಪುರ, ಕಲಬುರಗಿಗಳ ಬಸವೇಶ್ವರ, ಲಿಂಗಾಯತ ಖಾನಾವಳಿಗಳಿಗೆ ಉದ್ದನೆಯ ಮೆನುವಿನ ಅಗತ್ಯವಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಜೊತೆಗೆ ಹಸಿ ಈರುಳ್ಳಿ, ಮೆಂತ್ಯ ಅಥವಾ ಹಕ್ಕರಕಿ ಸೊಪ್ಪು. ಕಾಳು, ಸೊಪ್ಪು, ಮೊಸರು, ಧಾನ್ಯ ಎಲ್ಲವೂ ಒಂದೇ ತಟ್ಟೆಯಲ್ಲಿ ಬರುವುದರಿಂದ ಮೇಲೆ ಹೇಳಿದ ಮಾರ್ಗಸೂಚಿಯ ಆಶಯಕ್ಕೆ ಹತ್ತಿರವಾದ ಹೋಟೆಲ್ ಊಟ ಇದೇ ಇರಬಹುದು. ಬೆಂಗಳೂರಿನಲ್ಲಿಯೂ ಇಂಥ ಖಾನಾವಳಿಗಳು ಉಂಟು. ಹನ್ನೆರಡೂವರೆಗೆ ಹೋದವರಿಗೆ ಸಿಗುವ ರೊಟ್ಟಿಯೂ ಮೂರಕ್ಕೆ ಹೋದವರಿಗೆ ಸಿಗುವ ರೊಟ್ಟಿಯೂ ಬೇರೆಬೇರೆ ಎಂಬುದನ್ನು ಮಾತ್ರ ನೆನಪಿಡಬೇಕು.

ಉಡುಪಿ ಪದ್ಧತಿಯ ಊಟದ ಸೊಗಸು ಬಡಿಸುವ ಕ್ರಮದಲ್ಲಿದೆ. ಕೋಸಂಬರಿ, ಪಲ್ಯ, ಸಾರು, ಹುಳಿ, ಮಜ್ಜಿಗೆ ಒಂದಾದ ಮೇಲೊಂದು ಬರುವುದರಿಂದ ಉಣ್ಣುವವನ ವೇಗ ತಾನಾಗಿ ತಗ್ಗುತ್ತದೆ. ಊರು ಬಿಟ್ಟು ಹೋದವರು ಈ ಕ್ರಮವನ್ನು ಕೈಬಿಡಲಿಲ್ಲ. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಯೆಲೆಯ ಊಟಕ್ಕೆ ಹೆಸರಾಯಿತು. ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮ್ಸ್‌ನ ಮಧ್ಯಾಹ್ನದ ಊಟಕ್ಕೂ ಬಿಡುವು ಮಾಡಿಕೊಂಡೇ ಹೋಗಬೇಕು. ಅರ್ಧ ಗಂಟೆಯಲ್ಲಿ ಮುಗಿಸಿ ಓಡುವವರಿಗೆ ಅದು ಹೇಳಿದ್ದಲ್ಲ.

ಓಡುವವರಿಗೆಂದೇ ದರ್ಶಿನಿಗಳು ಬಂದವು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯಿಂದ ಆರಂಭವಾದ ಈ ಪದ್ಧತಿಯಲ್ಲಿ ಟೋಕನ್ ಪಡೆದು, ತಾನೇ ತಟ್ಟೆ ತಂದುಕೊಂಡು, ನಿಂತೇ ತಿನ್ನಬೇಕು. ತಿಂಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕಾಣೆ. ಊಟಕ್ಕೆ ಮಾತ್ರ ಎಲ್ಲ ದರ್ಶಿನಿಗಳೂ ಸಮವಲ್ಲ. ‘ಊಟ ತಯಾರಿದೆ’ ಎಂಬ ಹಲಗೆ ತೂಗುವ ಕಡೆ ಅನ್ನ ಸಾರು ಆ ಹೊತ್ತಿಗೆಂದೇ ಆಗಿರುತ್ತವೆ. ಹಲಗೆಯಿಲ್ಲದ ಕಡೆ ಎರಡು ಗಂಟೆಗೆ ಸಿಗುವ ಬಿಸಿಬೇಳೆ ಬಾತ್ ಎಷ್ಟು ಹೊತ್ತಿಗೆ ಇಳಿದದ್ದೆಂದು ಕೇಳಲು ಸಂಕೋಚ ಬೇಡ. ಹಾಗೆಯೇ ನಾಲ್ಕು ಪುಟದ ಮೆನುವಿನಲ್ಲಿ ಕಾಣುವ ಬಗೆಬಗೆಯ ಕರಿಗಳಲ್ಲಿ ಅನೇಕವು ಮೊದಲೇ ಮಾಡಿಟ್ಟ ಒಂದೇ ಈರುಳ್ಳಿ ಟೊಮೇಟೊ ಗೊಜ್ಜಿನ ಅವತಾರಗಳು. ಮಧ್ಯಾಹ್ನದ ವೇಳೆ ಆ ಮನೆಯ ದಿನದ ಊಟವನ್ನೇ ಕೇಳುವುದು ಲೇಸು.

ಬೆಲೆಯ ಪ್ರಶ್ನೆಗೆ ಸರ್ಕಾರವು ಕೊಟ್ಟ ಉತ್ತರ ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ನಿಗದಿಯಾಗಿತ್ತು. ಕೂಲಿಕಾರರಿಗೆಂದು ರೂಪಿಸಿದ ಯೋಜನೆಯಾದರೂ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಗಳೂ ಕಾಣುತ್ತವೆ.

ಮೊಬೈಲ್‌ನಲ್ಲಿ ತರಿಸಿಕೊಳ್ಳುವ ಊಟವನ್ನು ಹೋಟೆಲ್ ಊಟವೆಂದು ಎಣಿಸುವುದು ತಪ್ಪು. ಮುಚ್ಚಿದ ಡಬ್ಬಿಯಲ್ಲಿ ಅರ್ಧ ಗಂಟೆ ಸಂಚರಿಸಿ ಬಂದದ್ದು ಬುತ್ತಿಯೇ. ಆದ್ದರಿಂದ ದೋಸೆ, ಪೂರಿಗಳನ್ನು ಬಿಟ್ಟು ಕಲಸಿದ ಅನ್ನ, ರೊಟ್ಟಿ, ಒಣ ಪಲ್ಯಗಳನ್ನು ಆರಿಸಿಕೊಳ್ಳಬೇಕು.

ವೇಳೆ

ಹೊಟ್ಟೆ ತುಂಬಿದ ಸಂಕೇತ ಮಿದುಳಿಗೆ ಸ್ಪಷ್ಟವಾಗಿ ತಲುಪಲು ಸುಮಾರು 20 ನಿಮಿಷ ಬೇಕು. ಹತ್ತು ನಿಮಿಷದಲ್ಲಿ ಉಂಡವರು ಹೆಚ್ಚು ಉಣ್ಣುತ್ತಾರೆ, ಆದರೂ ತೃಪ್ತಿ ಕಾಣುವುದಿಲ್ಲ. ಮಧ್ಯಾಹ್ನದ ಜೂಗರಿಕೆಯಾದರೋ ಊಟದ ಮೇಲೆ ಪೂರ್ತಿ ಹೊರಿಸಬೇಕಾದ ದೋಷವಲ್ಲ. ದೇಹದ ದಿನಚಕ್ರದಲ್ಲಿಯೇ ಆ ಹೊತ್ತಿಗೊಂದು ಇಳಿತವಿದೆ, ಭಾರವಾದ ಅನ್ನದ ಊಟ ಅದನ್ನು ಹೆಚ್ಚಿಸುತ್ತದೆ.

ಊಟದ ಬಿಡುವು ಮಾಲೀಕರ ಔದಾರ್ಯವೆಂದು ಅನೇಕ ನೌಕರರು ಭಾವಿಸಿದ್ದಾರೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಐದು ಗಂಟೆಗಿಂತ ಹೆಚ್ಚು ಎಡೆಬಿಡದೆ ದುಡಿಸದಂತೆ, ನಡುವೆ ಕನಿಷ್ಠ ಒಂದು ಗಂಟೆ ವಿರಾಮವಿರುವಂತೆ ವಿಧಿಸಿದೆ. ಕಾರ್ಖಾನೆಗಳ ಕ್ಯಾಂಟೀನು ಇನ್ನೊಂದು ಹಕ್ಕು. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಮಾತ್ರ ಅದನ್ನು ಬಯಸಲಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಗುತ್ತಿಗೆಯವರೂ ಸೇರಿದಂತೆ 100 ಕಾರ್ಮಿಕರಿಗೆ ಆ ಮಿತಿಯನ್ನು ಇಳಿಸಿದೆ.

ಬಿಲ್ಲಿನ ಮಾತು

ಸಾಮಾನ್ಯ ಹೋಟೆಲುಗಳಲ್ಲಿ ಊಟದ ಮೇಲಿನ ಜಿಎಸ್‌ಟಿ 2017ರ ನವೆಂಬರ್ 15ರಿಂದ ಶೇ 5. ಇದರ ಜೊತೆಗೆ ಕೆಲವೆಡೆ ‘ಸೇವಾ ಶುಲ್ಕ’ ಎಂಬ ಸಾಲೊಂದು ಕಾಣಿಸಿಕೊಳ್ಳುತ್ತದೆ. ಅದು ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಮಾಣಿಗೆ ಮನಸಾರೆ ಕೊಡುವ ಭಕ್ಷೀಸಿಗೆ ಇದರಿಂದ ಅಡ್ಡಿಯಿಲ್ಲ. ತೆಗೆಯಲು ಹೇಳಿದರೂ ಶುಲ್ಕವನ್ನು ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು. ಬಿಲ್ಲನ್ನು ಮಾತ್ರ ಎಸೆಯದೆ ಜೇಬಿನಲ್ಲಿಟ್ಟುಕೊಂಡಿರಬೇಕು.