ದೊಡ್ಡವರಿಗೇಕಿಲ್ಲ ಬೇಸಿಗೆ ಶಿಬಿರ?

ಬೆಂಗಳೂರಲ್ಲಿ ಸ್ವಂತ ಫ್ಲ್ಯಾಟು ಇರುವವರು ಒಮ್ಮೆ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ತೆರಿಗೆಯ ಕೆಳಗೆ ಸೆಸ್ ಅಂತ ಒಂದು ಮೊತ್ತ ಇರ್ತದೆ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಶೇ. 6ರಷ್ಟು ಗ್ರಂಥಾಲಯ ಕರವೂ ಅದರೊಳಗೇ ಸೇರಿದೆ. ಬಾಡಿಗೆ ಮನೆಯಲ್ಲಿದ್ದೀರಾ? ಓನರ್ ಕಟ್ಟೋದು ನಿಮ್ಮ ಬಾಡಿಗೆಯಿಂದಲೇ. ಅಂದರೆ ನಾವೆಲ್ಲ ಸರ್ಕಾರಿ ಲೈಬ್ರರಿಗೆ ಆಗಲೇ ದುಡ್ಡು ಕಟ್ಟಿರುವ ಚಂದಾದಾರರು. ಒಟಿಟಿ ಚಂದಾ ಕಟ್ಟಿ ನೋಡದಿದ್ದರೆ ಹೊಟ್ಟೆ ಉರಿಯುತ್ತದೆ. ಇದರ ಬಗ್ಗೆ ಮಾತ್ರ ಯಾರಿಗೂ ಏನೂ ಅನ್ನಿಸುವುದಿಲ್ಲ.

ಏಪ್ರಿಲ್ ಬಂತೆಂದರೆ ಲೈಬ್ರರಿಗಳಲ್ಲಿ ಬೇಸಿಗೆ ಶಿಬಿರದ ಬ್ಯಾನರು ಏಳುತ್ತದೆ. ಕಥೆ ಹೇಳುವುದು, ಚಿತ್ರ ಬಿಡಿಸುವುದು, ಚೆಸ್, ಎಲ್ಲ ಮಕ್ಕಳಿಗೆ. ಒಳ್ಳೆಯದೇ. ಆದರೆ ದೊಡ್ಡವರಿಗೆ? ಪೇಪರ್ ಓದುವ ಟೇಬಲ್ಲು ಬಿಟ್ಟರೆ ಮತ್ತೇನೂ ಇಲ್ಲ. ಬೇಸಿಗೆ ಕಲಿಕೆ ಅಂದರೆ ಮಕ್ಕಳದ್ದು ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಚರಿತ್ರೆ ನೋಡಿದರೆ ಕಥೆ ಬೇರೆಯೇ ಇದೆ.

1874ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಎಂಬ ಸರೋವರದ ದಂಡೆಯಲ್ಲಿ ಒಂದು ಬೇಸಿಗೆ ಕೂಟ ಶುರುವಾಯಿತು. ಚರ್ಚಿನ ಭಾನುವಾರದ ಶಾಲೆಗಳಲ್ಲಿ ಪಾಠ ಹೇಳುವವರಿಗೆ ತರಬೇತಿ ಕೊಡಲು ಹುಟ್ಟಿದ್ದು ಅದು. ನಾಲ್ಕೇ ವರ್ಷದಲ್ಲಿ, 1878ರಲ್ಲಿ, ಅಲ್ಲಿಂದ ಒಂದು ಓದುಬಳಗ ಹೊರಟಿತು: ಕಾಲೇಜು ಮೆಟ್ಟಿಲು ಹತ್ತದ ದೊಡ್ಡವರು ಮನೆಯಲ್ಲೇ ಕೂತು ನಾಲ್ಕು ವರ್ಷ ಓದುವ ವ್ಯವಸ್ಥೆ. ಮಕ್ಕಳ ಬೇಸಿಗೆ ಓದು ಅಲ್ಲಿನ ಲೈಬ್ರರಿಗಳಿಗೆ ಬಂದದ್ದು ಅದಾದ ಮೇಲೆ, 1890ರ ದಶಕದಲ್ಲಿ.

ಅದು ಅಮೆರಿಕದ್ದಾಯ್ತು ಅನ್ನಬೇಡಿ. ಸರೋವರದ ಕೂಟದ ಮರುವರ್ಷವೇ, 1875ರಲ್ಲಿ, ಪುಣೆಯಲ್ಲಿ ಮಹಾದೇವ ಗೋವಿಂದ ರಾನಡೆ ವಸಂತ ವ್ಯಾಖ್ಯಾನಮಾಲೆ ಆರಂಭಿಸಿದರು. ಬೇಸಿಗೆಯ ಸಂಜೆಗಳಲ್ಲಿ ದಿನಕ್ಕೊಂದು ಉಪನ್ಯಾಸ, ಊರಿನ ಯಾರು ಬೇಕಾದರೂ ಬಂದು ಕೇಳಬಹುದು. ಈಗಲೂ ಏಪ್ರಿಲ್-ಮೇ ತಿಂಗಳಲ್ಲೇ ನಡೆಯುತ್ತದೆ. ನಮ್ಮ ಉತ್ತರ ಕನ್ನಡ 1862ರಲ್ಲೇ ಮದ್ರಾಸಿನಿಂದ ಕಳಚಿಕೊಂಡು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಪುಣೆಯೂ ತದಡಿಯೂ ಆಗ ಒಂದೇ ಆಡಳಿತದ ಎರಡು ತುದಿ.

ಈ ಎಳೆ ಅಲ್ಲಿಗೇ ನಿಲ್ಲಲಿಲ್ಲ. ರಾನಡೆಯವರ ಶಿಷ್ಯ ಗೋಪಾಲಕೃಷ್ಣ ಗೋಖಲೆ. ಅವರು 1905ರಲ್ಲಿ ಭಾರತ ಸೇವಕ ಸಮಾಜ ಕಟ್ಟಿದರು. ಗೋಖಲೆಯವರನ್ನು ಆದರ್ಶವಾಗಿಟ್ಟುಕೊಂಡ ಡಿ.ವಿ. ಗುಂಡಪ್ಪ 1945ರಲ್ಲಿ ಬೆಂಗಳೂರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಆರಂಭಿಸಿದರು. ಗ್ರಂಥಾಲಯ, ಉಪನ್ಯಾಸ, ಅಧ್ಯಯನ ಗೋಷ್ಠಿ ಎಲ್ಲ ಒಂದೇ ಸೂರಿನಡಿ. ಅದೇ ಭಾರತ ಸೇವಕ ಸಮಾಜದ ಇನ್ನೊಬ್ಬ ಸದಸ್ಯರು ನಮ್ಮ ಕಡೆಯವರು, ಚುಟುಕಗಳ ದಿನಕರ ದೇಸಾಯಿ. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲೇ ನಮ್ಮ ಕರಾವಳಿಯ ಎಷ್ಟೋ ಮನೆಗಳ ಮೊದಲ ತಲೆಮಾರು ಹೈಸ್ಕೂಲು ಕಂಡಿದ್ದು. ಹೀಗೆ ಪುಣೆಯ ಬೇಸಿಗೆ ಸಂಜೆಗಳಿಗೂ ಅಂಕೋಲೆಯ ಶಾಲೆಗಂಟೆಗೂ ಒಂದು ನಂಟು ಉಂಟು.

ಕಾನೂನಿನ ಕಥೆ ಬೇರೆ. ಸ್ವತಂತ್ರ ಭಾರತದಲ್ಲಿ ಮೊದಲ ಗ್ರಂಥಾಲಯ ಕಾಯ್ದೆ ಬಂದದ್ದು 1948ರಲ್ಲಿ, ಮದ್ರಾಸಿನಲ್ಲಿ. ಅದರ ಹಿಂದಿದ್ದವರು ಎಸ್.ಆರ್. ರಂಗನಾಥನ್. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು, ನಾವು ಮುಂಬಯಿಗೆ. ಹಾಗಾಗಿ ಭಟ್ಕಳ ದಾಟಿ ದಕ್ಷಿಣಕ್ಕೆ ಹೋದರೆ ಲೈಬ್ರರಿಗೆ ಕಾನೂನಿನ ಬೆಂಬಲ, ಈಚೆಗೆ ಇಲ್ಲ. ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬಂದದ್ದು 1965ರಲ್ಲಿ. ನಿಮ್ಮ ರಸೀದಿಯ ಕರ ಹುಟ್ಟಿದ್ದು ಅಲ್ಲಿಂದ. ರಂಗನಾಥನ್ ಆ ಹೊತ್ತಿಗೆ ಬೆಂಗಳೂರಲ್ಲೇ ಇದ್ದರು.

ಇದೇ ರಂಗನಾಥನ್ 1931ರಲ್ಲಿ ಗ್ರಂಥಾಲಯದ ಪಂಚಸೂತ್ರಗಳನ್ನು ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನುವುದು ಒಂದು, ಓದುಗನ ಸಮಯ ಉಳಿಸು ಅನ್ನುವುದು ಇನ್ನೊಂದು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಲೈಬ್ರರಿ ಹೊರಟಿತು, ಹೊಲದಲ್ಲಿ ದುಡಿಯುವವರ ಊರುಗಳಿಗೆ. 1935ರಲ್ಲಿ ಆಂಧ್ರದ ಕೃಷ್ಣಾ ಕಾಲುವೆಯಲ್ಲಿ ಪಾತೂರಿ ನಾಗಭೂಷಣಂ ದೋಣಿಯಲ್ಲಿ ಪುಸ್ತಕ ತುಂಬಿಸಿ ತೇಲಿಬಿಟ್ಟರು. ಓದುಗ ಬರಲಿ ಅಂತ ಇವರ್ಯಾರೂ ಬಾಗಿಲು ತೆಗೆದು ಕಾಯುತ್ತ ಕೂರಲಿಲ್ಲ, ಓದುಗ ಇದ್ದಲ್ಲಿಗೇ ಹೋದರು. ಹೊಳೆ ದಂಡೆಯಲ್ಲಿ ಬೆಳೆದ ನನಗೆ ಆ ದೋಣಿ ಲೈಬ್ರರಿ ಬಹಳ ಇಷ್ಟ. ತದಡಿಯಿಂದ ಅಘನಾಶಿನಿ ಊರಿಗೆ ತಾರಿ ದಾಟುವಾಗೆಲ್ಲ ಅದು ನೆನಪಾಗುತ್ತದೆ.

ಈಗ ತದಡಿಯ ಲೆಕ್ಕ ಹಾಕೋಣ. ಬೇಸಿಗೆ ರಜೆ ಅನ್ನುವುದು ಯಾರದ್ದು? ಶಾಲೆಯದ್ದು, ಕಾಲೇಜಿನದ್ದು, ಕೋರ್ಟಿನದ್ದು. ರಾನಡೆಯವರ ಪುಣೆಯಲ್ಲಿ ವಕೀಲರು, ಮೇಷ್ಟ್ರುಗಳು ಸಂಜೆಗೆ ಬಿಡುವಾಗಿ ಬಂದಿರಬೇಕು. ತದಡಿಯಲ್ಲಿ ಏಪ್ರಿಲ್-ಮೇ ಅಂದರೆ ಬಂದರಿನಲ್ಲಿ ಬೋಟುಗಳ ಕೊನೆಯ ಓಟ. ಪಕ್ಕದ ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಎಳೆಯುವ ಕಾಲ. ಮೀನು ಒಣಗಿಸುವುದು, ಇಳಿತದ ಹೊತ್ತಿಗೆ ಹೊಳೆಗಿಳಿದು ಬೆಳಚು ಹೆಕ್ಕುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು, ಎಲ್ಲ ಆಗಲೇ. ಅದರ ಮೇಲೆ ರಾತ್ರಿ ಆಟ. ಬೋಟಿಗೆ ಹೋಗುವ ನಮ್ಮ ಚಿಕ್ಕಪ್ಪನಿಗೆ ಲೈಬ್ರರಿ ಕಾರ್ಯಕ್ರಮದ ವಿಷಯ ತೆಗೆದಾಗ ಅವನು ಅಂದಿದ್ದು ಒಂದೇ ಮಾತು: "ತಮಾ, ಈಗ ಯಾರಿಗಾ ಪುರುಸೊತ್ತು? ಮಳೆ ಬೀಳ್ಲಿ, ಆಮೇಲೆ ಬಾ."

ಅವನು ಹೇಳಿದ್ದರಲ್ಲೇ ಕ್ಯಾಲೆಂಡರ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಕಡಲು ನಿಷೇಧ. ಬಂದರಿನಲ್ಲಿ ಬೋಟು ಕಟ್ಟಿ ಜನ ಬಲೆ ರಿಪೇರಿಗೆ ಕೂರುತ್ತಾರೆ. ಕೈಗೆ ಕೆಲಸ, ಕಿವಿ ಖಾಲಿ. ಬಯಲಾಟ ನಿಂತ ಮೇಲೆ ನಮ್ಮ ಕಡೆ ತಾಳಮದ್ದಳೆ ಶುರುವಾಗುವುದೂ ಇದೇ ಮಳೆಯಲ್ಲಿ. ವೇಷ ಇಲ್ಲ, ರಂಗಸ್ಥಳ ಇಲ್ಲ. ನಾಲ್ಕು ಜನ ಕೂತು ಪುರಾಣದ ಪಾತ್ರಗಳಾಗಿ ವಾದ ಮಾಡುತ್ತಾರೆ. ಓದಿಕೊಂಡು ಬರದೆ ಅರ್ಥ ಹೇಳಲಿಕ್ಕಾಗುವುದಿಲ್ಲ, ಎದುರಿನವ ಬಿಡುವುದಿಲ್ಲ. ದೊಡ್ಡವರ ಓದು-ಚರ್ಚೆಗೆ ಕರಾವಳಿ ಮೊದಲೇ ಜಾಗ ಮಾಡಿಕೊಟ್ಟಿದೆ. ಲೈಬ್ರರಿ ಅದಕ್ಕೆ ಬಾಗಿಲು ತೆರೆದರೆ ಸಾಕು. ನಮ್ಮೂರಿನ ದೊಡ್ಡವರ 'ಬೇಸಿಗೆ ಶಿಬಿರ' ನಡೆಯಬೇಕಾದದ್ದು ಮಳೆಗಾಲದಲ್ಲಿ.

ಬಾಗಿಲು ತೆರೆಯಲು ಈಗ ಒಳ್ಳೆ ಕಾಲವೂ ಹೌದು. 2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ, ಕೋವಿಡ್‌ಗೆ ಶಾಲೆ ಮುಚ್ಚಿದ್ದಾಗ, 'ಓದುವ ಬೆಳಕು' ಶುರುವಾಗಿ 6ರಿಂದ 18 ವಯಸ್ಸಿನವರಿಗೆ ಸದಸ್ಯತ್ವ ಪುಕ್ಕಟೆ ಆಯಿತು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. ರಾಜ್ಯದಲ್ಲಿ ಅಂಥವು ಐದು ಸಾವಿರಕ್ಕೂ ಹೆಚ್ಚು. ಮಕ್ಕಳ ಮಟ್ಟಿಗೆ ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಹದಿನೆಂಟಕ್ಕೆ ನಿಲ್ಲಿಸಿದರೆ ಹೇಗೆ? ಶಾಲೆ ಬಿಟ್ಟು ಬೋಟು ಹತ್ತಿದವ, ಮದುವೆಯಾಗಿ ಓದು ನಿಲ್ಲಿಸಿದವಳು, ಇವರಿಗೆ ಸರ್ಕಾರದ ಕಡೆಯಿಂದ ಎರಡನೇ ಅವಕಾಶ ಅಂತ ಇರುವುದು ಅದೊಂದೇ ಕೋಣೆ. ಬೋಟಿನ ಸಬ್ಸಿಡಿ ಅರ್ಜಿ ಓದಿ ಅರ್ಥ ಮಾಡಿಕೊಳ್ಳುವುದಕ್ಕೂ ಒಂದು ಜಾಗ ಬೇಕಲ್ವಾ?

ನಗರದ ಕಥೆ ನಿಮಗೇ ಗೊತ್ತು. 2023ರಿಂದ ಕಬ್ಬನ್ ಪಾರ್ಕಿನಲ್ಲಿ ಶನಿವಾರ 'ಕಬ್ಬನ್ ರೀಡ್ಸ್' ಬಳಗ ಚಾಪೆ ಹಾಸಿ ಮೌನವಾಗಿ ಓದುತ್ತದೆ. ಅದೇ ಪಾರ್ಕಿನೊಳಗೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ ಕೆಂಪು ಕಟ್ಟಡದಲ್ಲಿ, ಶೇಷಾದ್ರಿ ಅಯ್ಯರ್ ಸ್ಮಾರಕದ ಸರ್ಕಾರಿ ಲೈಬ್ರರಿ ಇದೆ. ಒಂದು ಕಡೆ ಓದುಗರು, ಇನ್ನೊಂದು ಕಡೆ ಪುಸ್ತಕ. ನಡುವೆ ಒಂದಷ್ಟು ಹುಲ್ಲು. ದೊಡ್ಡವರು ಒಟ್ಟಿಗೆ ಕೂತು ಓದಲು ಬರುತ್ತಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಸಂಗ್ರಹವಾದ ಕರ ಲೈಬ್ರರಿಗಳಿಗೆ ಪೂರ್ತಿ ತಲುಪುತ್ತಿಲ್ಲ ಅನ್ನುವ ದೂರು ಹಳೆಯದು. ಅದನ್ನು ಕೇಳುವ ಹಕ್ಕು ಕಟ್ಟುವವರಿಗಿದೆ, ಆದರೆ ಒಳಗೆ ಕಾಲಿಡದ ಚಂದಾದಾರನ ದೂರಿಗೆ ತೂಕ ಕಡಿಮೆ. ನಿಮ್ಮ ವಾರ್ಡಿನ ಲೈಬ್ರರಿಗೆ ಈ ವಾರ ಹೋಗಿ, ಕಾರ್ಡು ಮಾಡಿಸಿ, ತಿಂಗಳಿಗೊಂದು ಸಂಜೆ ರೀಡಿಂಗ್ ರೂಮು ಕೊಡ್ತೀರಾ ಅಂತ ಕೇಳಿ. ಊರಿನ ನಂಟು ಉಳಿಸಿಕೊಂಡವರು ಗ್ರಾಮಸಭೆಯಲ್ಲೂ ಕೇಳಬಹುದು. ನಮ್ಮೂರಿನ ಮಟ್ಟಿಗೆ ನನ್ನ ಬೇಡಿಕೆ ಇಷ್ಟೇ: ಜೂನ್-ಜುಲೈ, ಸಂಜೆ ಆರರಿಂದ ಎಂಟು, ಬಲೆ ತಂದರೂ ಅಡ್ಡಿ ಇಲ್ಲ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಬಲೆ ಹೊಲಿಯುತ್ತಾ ಕೇಳಲಿ.