‘ಗೆಟ್ ಬಿಝಿ’ಯ ಬೆನ್ನಿಗಿದ್ದ ಚಪ್ಪಾಳೆ: ‘ದಿವಾಲಿ’ ರಿಡಿಮ್‌ನ ಚರಿತ್ರೆ

2003ರ ಮೇ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿಗೇರಿ ಮೂರು ವಾರ ಕದಲದೆ ಕೂತ ‘ಗೆಟ್ ಬಿಝಿ’ಯನ್ನು ಎಲ್ಲರೂ ಶಾನ್ ಪಾಲ್ ಹಾಡೆಂದೇ ಬಲ್ಲರು. ಚರಿತ್ರೆಯ ದೃಷ್ಟಿಯಿಂದ ಅದು ಅರ್ಧ ಸತ್ಯ. ಜಮೈಕಾದ ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ಕಟ್ಟಿದ ‘ದಿವಾಲಿ’ ಎಂಬ ರಿಡಿಮ್ ಮೊದಲು ಹುಟ್ಟಿತು. ಹಾಡು ಅದರ ಮೇಲೆ ಬಂತು.

ಡ್ಯಾನ್ಸ್‌ಹಾಲ್ ಎಂಬ ಜಮೈಕಾ ಸಂಗೀತದ ರೂಢಿಯೇ ಹಾಗೆ. ನಿರ್ಮಾಪಕ ತಾಳವನ್ನೂ ಬೇಸನ್ನೂ ಕೂಡಿಸಿ ರಿಡಿಮ್ ಸಿದ್ಧಮಾಡುತ್ತಾನೆ. ನಮ್ಮಲ್ಲಿ ಒಂದೇ ಮಟ್ಟಿಗೆ ಹಲವು ಪದ ಕಟ್ಟುವಂತೆ, ಗಾಯಕರು ಅದಕ್ಕೆ ತಮ್ಮ ತಮ್ಮ ಮಾತು ಕೂರಿಸುತ್ತಾರೆ. 1985ರಲ್ಲಿ ಕಿಂಗ್ ಜ್ಯಾಮಿ ಸ್ಟುಡಿಯೋದಿಂದ ಬಂದ ‘ಸ್ಲೆಂಗ್ ಟೆಂಗ್’ ರಿಡಿಮ್ ಈ ಕಸುಬಿನ ದಿಕ್ಕನ್ನೇ ಬದಲಿಸಿತು. ಕ್ಯಾಸಿಯೊ ಎಂಟಿ-40 ಕೀಬೋರ್ಡಿನಲ್ಲಿ ಕಂಪನಿಯವರೇ ತುಂಬಿಟ್ಟಿದ್ದ ತಾಳವೇ ಅದರ ಬುನಾದಿ. ವಾದ್ಯಗಾರರ ತಂಡವಿಲ್ಲದೆಯೂ ಹಾಡು ಹೊರಡಬಹುದೆಂದು ಅದರಿಂದ ಗೊತ್ತಾಯಿತು.

‘ದಿವಾಲಿ’ಯಲ್ಲಿ ಕಿವಿಗೆ ಮೊದಲು ತಾಗುವುದು ಚಪ್ಪಾಳೆ. ನೇರ ಎಣಿಕೆಗೆ ಸಿಕ್ಕದೆ, ಪೆಟ್ಟಿನ ಆಚೀಚೆ ಬೀಳುತ್ತ ಅದು ಕಾಲನ್ನು ಎಳೆಯುತ್ತದೆ. ರೆಗೆಯ ಗಿಟಾರು ಇಲ್ಲಿ ಇಲ್ಲವೆಂದೇ ಹೇಳಬೇಕು. ಕೊರಳಿಗೆ ಜಾಗ ಧಾರಾಳ. ಆ ಜಾಗದಲ್ಲಿ ಶಾನ್ ಪಾಲ್ ಮಾತನ್ನೇ ತಾಳವಾಗಿ ಉದುರಿಸಿದ. ವೇಯ್ನ್ ವಂಡರ್ ಅಲ್ಲೇ ‘ನೋ ಲೆಟಿಂಗ್ ಗೋ’ ಎಂದು ಪ್ರೇಮಗೀತೆ ಹಾಡಿ 11ನೇ ಸ್ಥಾನ ತಲುಪಿದ. ನ್ಯೂಯಾರ್ಕಿನ ಹಾರ್ಲೆಮ್‌ನ ಲುಮಿಡಿ, ಅಷ್ಟೇನೂ ಶ್ರುತಿಗೆ ಅಂಟದ ದನಿಯಲ್ಲೇ, ಇದೇ ರಿಡಿಮ್ ಮೇಲೆ ಹಾಡಿ 3ನೇ ಸ್ಥಾನಕ್ಕೇರಿದಳು. ಮೂರೂ ಹಾಡು ಅದೇ ವರ್ಷ ಪಟ್ಟಿಯಲ್ಲಿದ್ದವು. ಗೆದ್ದದ್ದು ಗಾಯಕರಿಗಿಂತ ಮಿಗಿಲಾಗಿ ರಿಡಿಮ್ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಮಾರುಕಟ್ಟೆಯ ಪಾಲನ್ನೂ ಮರೆಯುವಂತಿಲ್ಲ: ನ್ಯೂಯಾರ್ಕಿನ ವಿಪಿ ರೆಕಾರ್ಡ್ಸ್ 2002ರಲ್ಲಿ ಅಟ್ಲಾಂಟಿಕ್ ಕಂಪನಿಯ ಜೊತೆ ಕೈಜೋಡಿಸದಿದ್ದರೆ ‘ಗೆಟ್ ಬಿಝಿ’ ಇದ್ದ ‘ದಟ್ಟಿ ರಾಕ್’ ಆಲ್ಬಂ ಅಷ್ಟು ಅಂಗಡಿ, ಅಷ್ಟು ರೇಡಿಯೋ ಮುಟ್ಟುತ್ತಿರಲಿಲ್ಲ.

ಹೆಸರಿನಲ್ಲಿರುವ ಹಬ್ಬ ಎಲ್ಲಿಯದು? 1845ರ ಮೇ 10ರಂದು ‘ಬ್ಲಂಡೆಲ್’ ಹಡಗು ಓಲ್ಡ್ ಹಾರ್ಬರ್ ಬೇಗೆ ಬಂದಾಗಿನಿಂದ ಸುಮಾರು 36,000 ಭಾರತೀಯರು ಕರಾರು ಕೂಲಿಗಳಾಗಿ ಜಮೈಕಾ ಸೇರಿದ್ದರು. ಚಪ್ಪಾಳೆಯನ್ನು ಅವರ ಭಜನೆಗೆ ಜೋಡಿಸುವ ಆಸೆ ಸಹಜವೇ. ನನಗದು ಒಪ್ಪಿಗೆಯಾಗದು. 2001ರಲ್ಲಿ ಅಮೆರಿಕದ ನಿರ್ಮಾಪಕ ಟಿಂಬಲ್ಯಾಂಡ್ ರ್‍ಯಾಪ್ ಗಾಯಕಿ ಮಿಸ್ಸಿ ಎಲಿಯಟ್‌ಗಾಗಿ ತುಂಬಿ ಎಂಬ ತಂತಿವಾದ್ಯ, ತಬಲಾಗಳ ದನಿ ಬಳಸಿದ್ದ. ಮರುವರ್ಷ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ಹಾಡಿನೊಳಗೆ ಲತಾ ಮಂಗೇಶ್ಕರ್ ದನಿ ಕೇಳಿತ್ತು. ‘ದಿವಾಲಿ’ಯನ್ನು ಭಾರತೀಯ ನಾದದ ಆ ಕಾಲದ ಷೋಕಿಯ ಪಕ್ಕದಲ್ಲಿಟ್ಟು ನೋಡುವುದೇ ಸರಿ. ಬೆನ್ನಿಗೇ ಬಂದ ‘ಕೂಲಿ ಡ್ಯಾನ್ಸ್’ ರಿಡಿಮ್ ಕೂಡ 2004ರಲ್ಲಿ ನೀನಾ ಸ್ಕೈ ಸೋದರಿಯರ ಕೊರಳಿಂದ ಅಮೆರಿಕದ ಪಟ್ಟಿ ಹತ್ತಿತು.

‘ಗೆಟ್ ಬಿಝಿ’ಯ ರಚನಕಾರರಲ್ಲಿ ಮಾರ್ಸ್‌ಡೆನ್ ಹೆಸರಿದೆ. 2005ರಲ್ಲಿ ಬಾರ್ಬಡೋಸಿನ ರಿಹಾನಾ ‘ಪಾನ್ ಡಿ ರಿಪ್ಲೇ’ಯೊಂದಿಗೆ ಎರಡನೇ ಸ್ಥಾನಕ್ಕೇರುವಾಗ ಅಂಥದೇ ಚಪ್ಪಾಳೆ ಕೇಳಿಸುತ್ತದೆ, ಅಲ್ಲಿ ಅವನ ಹೆಸರಿಲ್ಲ.